ಬಣ್ಣ ಹಿಡಿಯದ ಭಾಗ

ಮಂಗಳವಾರ, ಹದಿನಾಲ್ಕನೇ ತಾರೀಖು
ಲ್ಯಾಬಿನಲ್ಲಿ, ಊಟದ ಹೊತ್ತು

ಅಕ್ಕನಿಗೆ ಪ್ರೀತಿ, ಭಾವನಿಗೆ ನಮಸ್ಕಾರ.

ಲಕೋಟೆಯ ಮೇಲೆ ಇಬ್ಬರ ಹೆಸರನ್ನೂ ಬರೆದಿದ್ದೇನೆ. ಆದ್ದರಿಂದ ಯಾರ ಕೈಗೆ ಮೊದಲು ಸಿಕ್ಕರೂ ಅವರೊಬ್ಬರೇ ಒಡೆದು ಓದುವಂತಿಲ್ಲ. ಭಾವ ಪ್ರೆಸ್ಸಿನಿಂದ ಬರುವ ತನಕ ಅಕ್ಕ ಕಾಯಬೇಕು. ಕಾಯುವುದೆಂದರೆ ಅವಳಿಗೆ ಮೈ ಪರಚಿಕೊಳ್ಳುವಂತಾಗುತ್ತದೆ ಎಂದು ಗೊತ್ತು, ಆದರೂ ಕಾಯಲಿ. ಕಾಫಿ ಮಾಡಿಕೊಂಡು, ಅಡುಗೆಮನೆಯ ಮೇಜಿನ ಒಂದೇ ಬದಿಗೆ ಎರಡು ಕುರ್ಚಿ ಹಾಕಿಕೊಂಡು ಒಟ್ಟಿಗೆ ಓದಿ. ಭಾವ ಗಟ್ಟಿಯಾಗಿ ಓದಬಹುದು, ಆದರೆ ಪ್ರೆಸ್ಸಿನ ಅಭ್ಯಾಸದಲ್ಲಿ ನಡುನಡುವೆ 'ಕಾಮಾ', 'ಪೂರ್ಣವಿರಾಮ' ಎಂದು ಹೇಳಿಕೊಂಡು ಓದುವುದು ಬೇಡ.

ಇಬ್ಬರ ಹೆಸರಿಗೂ ಯಾಕೆ ಬರೆದೆ ಎಂದರೆ, ಹೋದ ವಾರದ ಕೊನೆಗೆ ನಿಮ್ಮ ಮನೆಯಿಂದ ನನಗೆ ಎರಡು ಪತ್ರ ಬಂದವು. ಒಂದೇ ಅಂಗಡಿಯ ಲಕೋಟೆ, ಒಂದೇ ದಿನದ ಅಂಚೆಮುದ್ರೆ. ಒಂದು ಅಕ್ಕ ಬರೆದದ್ದು, ಭಾವನಿಗೆ ತಿಳಿಯದ ಹಾಗೆ. ಇನ್ನೊಂದು ಭಾವ ಬರೆದದ್ದು, ಅಕ್ಕನಿಗೆ ತಿಳಿಯದ ಹಾಗೆ. ಅಕ್ಕನದು ಅರ್ಧ ಪುಟ: 'ನಿನ್ನ ಭಾವಂಗೆ ಎಲ್ಲಾ ಚೆನ್ನಾಗಿದೆ ಅಂತ ಹೇಳಿದೀನಿ. ನಂಬಿದಾರೆ, ಈಗ ನಿದ್ದೆ ಮಾಡ್ತಿದಾರೆ. ಇನ್ನೇನಾದ್ರೂ ರಿಪೋರ್ಟು ಬಂದ್ರೆ ಮನೆಗೆ ಕಳಿಸಬೇಡ, ಡ್ರೈವಿಂಗ್ ಸ್ಕೂಲಿಗೆ ಕಳಿಸು.' ಭಾವನದು ನಾಲ್ಕು ಪುಟ, ಅದರ ಸಾರ ಇಷ್ಟು: ನೀನು ಹೇಳಿದ್ದೂ ಅವಳು ಕೇಳಿಸಿಕೊಂಡದ್ದೂ ಒಂದೇನಾ? ಅಲ್ಲದಿದ್ದರೆ ನನಗೆ ಹೇಳು, ಅವಳಿಗೆ ಹೇಳಬೇಡ, ಪಾಪ ಈಗಷ್ಟೇ ನೆಮ್ಮದಿಯಾಗಿ ಮಲಗುತ್ತಿದ್ದಾಳೆ. ಅಂದರೆ ನೀವಿಬ್ಬರೂ ಒಂದೇ ಮಂಚದಲ್ಲಿ ಕಣ್ಣು ಮುಚ್ಚಿಕೊಂಡು ಬಿದ್ದುಕೊಂಡು, ಪಕ್ಕದವರು ನಿದ್ದೆ ಮಾಡುತ್ತಿದ್ದಾರೆಂದು ನಂಬಿದ್ದೀರಿ.

ಭಾವ, ಇಷ್ಟು ವರ್ಷ ಪ್ರೂಫ್ ನೋಡಿ ಊರಿನವರ ತಪ್ಪನ್ನೆಲ್ಲ ತಿದ್ದಿದ ನೀವು ಬರೆದ ಪತ್ರದಲ್ಲಿ ಎರಡು ಕಡೆ ಅಕ್ಷರ ಬಿಟ್ಟುಹೋಗಿದೆ. ಅದನ್ನು ನೋಡಿದಾಗಲೇ ನನಗೆ ನಿಮ್ಮ ಭಯ ಅರ್ಥವಾದದ್ದು.

ಈಗ ಇಬ್ಬರ ಗುಟ್ಟೂ ರಟ್ಟಾಯಿತು. ಬೈದುಕೊಳ್ಳುವುದಿದ್ದರೆ ಇಲ್ಲಿ ನಿಲ್ಲಿಸಿ ಬೈದುಕೊಳ್ಳಿ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ, ನಿಮ್ಮದು ಈ ಪುಟ ತಿರುವುವ ತನಕ ಸಾಕು. ಇಬ್ಬರಿಗೂ ಒಂದೊಂದು ಬಗೆಯ ಮಾತು ಹೇಳಿ ಎರಡು ದೋಣಿಯಲ್ಲಿ ಕಾಲಿಡುವುದು ನನ್ನಿಂದಾಗದು. ಇರುವುದು ಒಂದೇ ಸಂಗತಿ.

ಫೋನು ಮಾಡಬಹುದಿತ್ತು. ಮಾಡಲಿಲ್ಲ. ಫೋನಿನಲ್ಲಿ ಅಕ್ಕ ಯಾರ ಮಾತನ್ನೂ ಮುಗಿಸಲು ಬಿಡುವುದಿಲ್ಲ. ಕಲಿಯುವವರ ಪಕ್ಕ ಕೂತು ತನ್ನ ಕಾಲಡಿಯ ಇನ್ನೊಂದು ಬ್ರೇಕನ್ನು ಒತ್ತಿ ಒತ್ತಿ ಅವಳಿಗೆ ಅದೇ ರೂಢಿಯಾಗಿದೆ, ಫೋನಿನಲ್ಲೂ ಒತ್ತುತ್ತಾಳೆ. ಆದರೆ ಪೂರ್ತಿ ತಪ್ಪು ಅವಳ ಮೇಲೆ ಹಾಕುವುದು ಅನ್ಯಾಯ. ಅಕ್ಕನ ದನಿ ಕೇಳಿದೊಡನೆ ನನ್ನ ಬಾಯಿಗೆ ಒಳ್ಳೆಯ ಸುದ್ದಿಯೇ ಬರುತ್ತದೆ. ಈಗ ಆಗಿರುವ ತೊಂದರೆಗೆ ಮೂಲವೂ ಅದೇ.

ಕಡ್ಡಿ ಮುರಿದ ಹಾಗೆ ಹೇಳಿಬಿಡುತ್ತೇನೆ. ಅಕ್ಕ, ಆವತ್ತು ಶುಕ್ರವಾರ ನಾನು ಫೋನಿನಲ್ಲಿ ಹೇಳಿದ್ದು ತಪ್ಪು. 'ಬಣ್ಣ ಚೆನ್ನಾಗಿ ಹಿಡಿದಿದೆ ಕಣೇ, ನಿನಗೇನೂ ಆಗಲ್ಲ' ಎಂದಿದ್ದೆನಲ್ಲ, ಆ ಎರಡೂ ಮಾತನ್ನು ವಾಪಸು ತೆಗೆದುಕೊಳ್ಳುತ್ತಿದ್ದೇನೆ. ಬಣ್ಣ ಅಷ್ಟು ಚೆನ್ನಾಗಿ ಹಿಡಿದಿಲ್ಲ. ನಿನಗೆ ಏನೂ ಆಗುವುದಿಲ್ಲ ಎಂದು ಹೇಳುವ ಅಧಿಕಾರ ನನಗೆ ಆವತ್ತೂ ಇರಲಿಲ್ಲ, ಇವತ್ತೂ ಇಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದು ನನಗೂ ಗೊತ್ತು, ಆದರೆ ನನ್ನ ಆ ಮಾತಿನ ಮೇಲೆ ನೀನು ಹೋದ ವಾರ ಸೋಮವಾರ ಡಾಕ್ಟರ ಹತ್ತಿರ ಹೋಗಿ ಮದ್ದು ಬೇಡ ಎಂದು ಹೇಳಿ ಬಂದಿದ್ದೀಯ. ಆಪರೇಷನ್ನಾಗಿ ಹನ್ನೆರಡು ವಾರದೊಳಗೆ ಮದ್ದು ಶುರು ಮಾಡಬೇಕು ಎಂದು ಅವರು ಹೇಳಿದ್ದರಂತೆ. ಈಗ ಹತ್ತನೆಯ ವಾರ ನಡೆಯುತ್ತಿದೆ. ಅದಕ್ಕೇ ಈ ಪತ್ರವನ್ನು ಅಂಚೆಗೆ ಹಾಕದೆ ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ. ನಾಳೆ ಸಂಜೆಗೆ ಕೈಸೇರುತ್ತದೆ.

ಭಾವನಿಗೆ ಮೊದಲಿಂದ ಹೇಳಬೇಕು, ಇಲ್ಲದಿದ್ದರೆ ಅಂಚಿನಲ್ಲಿ ಕೆಂಪು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾರೆ.

ಅಕ್ಕನ ಎಡಗಡೆಯ ಕಿಡ್ನಿಯನ್ನು ಗಡ್ಡೆಯ ಸಮೇತ ತೆಗೆದರು. ಗಡ್ಡೆಯ ಚೂರುಗಳನ್ನು ಮೇಣದಲ್ಲಿ ಕೂರಿಸಿ, ಬೆಂಕಿಪೊಟ್ಟಣದ ಅರ್ಧದಷ್ಟು ದೊಡ್ಡ ಗಟ್ಟಿ ಮಾಡಿ ಇಟ್ಟಿರುತ್ತಾರೆ. ಅದಕ್ಕೆ ಬ್ಲಾಕ್ ಎನ್ನುತ್ತಾರೆ. ಗಡ್ಡೆಯ ಗಾತ್ರ, ಅದರ ಕೋಶಗಳ ರೂಪ, ಅದು ಪಕ್ಕದ ರಕ್ತನಾಳಕ್ಕೆ ನುಗ್ಗಿತ್ತೇ ಇಲ್ಲವೇ ಎನ್ನುವುದನ್ನೆಲ್ಲ ಅಲ್ಲಿಯ ಆಸ್ಪತ್ರೆಯವರೇ ನೋಡಿದರು. ಅದನ್ನೆಲ್ಲ ಕೂಡಿಸಿ ಡಾಕ್ಟರು ಹೇಳಿದ್ದು: ಈಗ ಸ್ಕ್ಯಾನಿನಲ್ಲಿ ಎಲ್ಲೂ ಏನೂ ಇಲ್ಲ, ಆದರೆ ಮರಳಿ ಬರುವ ಅಪಾಯ ಮಧ್ಯಮಕ್ಕಿಂತ ಸ್ವಲ್ಪ ಮೇಲೆ. ಆದ್ದರಿಂದ ಒಂದು ವರ್ಷದ ತನಕ, ಮೂರು ವಾರಕ್ಕೊಮ್ಮೆ ಮದ್ದು ಏರಿಸಿಕೊಳ್ಳುವುದು ಒಂದು ದಾರಿ. ಏನೂ ತೆಗೆದುಕೊಳ್ಳದೆ ಆಗಾಗ ಸ್ಕ್ಯಾನ್ ಮಾಡಿಸಿಕೊಂಡು ಕಾಯುವುದು ಇನ್ನೊಂದು ದಾರಿ. ಭಾವ ಮೊದಲನೆಯದು ಎಂದರು. ಅಕ್ಕ ಎರಡನೆಯದು ಎಂದಳು. ಇಲ್ಲಿಯ ತನಕ ನಾನು ನಿಮ್ಮ ನಡುವೆ ಇರಲಿಲ್ಲ.

ಆಮೇಲೆ ನಾನು ಮೂಗು ತೂರಿಸಿದೆ. ನಮ್ಮ ಲ್ಯಾಬಿನಲ್ಲಿ ಈ ಬಗೆಯ ಗಡ್ಡೆಗೆ ಇನ್ನೊಂದು ಪರೀಕ್ಷೆ ಮಾಡುತ್ತೇವೆ, ಅದನ್ನೂ ಮಾಡಿಸೋಣ, ನಿರ್ಧಾರಕ್ಕೆ ಸಹಾಯವಾದೀತು ಎಂದು ಬ್ಲಾಕನ್ನು ಇಲ್ಲಿಗೆ ತರಿಸಿದೆ. ಅದು ಒಂದು ಕಿಣ್ವದ ಪರೀಕ್ಷೆ. ಹೆಸರು ಕಾರ್ಬಾನಿಕ್ ಆನ್‌ಹೈಡ್ರೇಸ್ ಒಂಬತ್ತು. ಉಸಿರುಕಟ್ಟುವ ಜಾಗದಲ್ಲಿ ಬೆಳೆಯುವ ಕೋಶಗಳು ಒಳಗೆ ಹುಳಿ ತುಂಬಿಕೊಳ್ಳದಂತೆ ಇದನ್ನು ಮಾಡಿಕೊಳ್ಳುತ್ತವೆ. ಆರೋಗ್ಯವಾದ ಕಿಡ್ನಿಯಲ್ಲಿ ಇದು ಕಾಣುವುದಿಲ್ಲ. ಅಕ್ಕನಿಗೆ ಇದ್ದಂಥ ಗಡ್ಡೆಯಲ್ಲಿ ಸಾಮಾನ್ಯವಾಗಿ ತುಂಬ ಇರುತ್ತದೆ. ಇದು ಕಮ್ಮಿಯಾಗಿದ್ದರೆ ಒಳ್ಳೆಯದಲ್ಲವೇ ಎಂದು ಭಾವ ಕೇಳುತ್ತಾರೆ, ಎಲ್ಲರೂ ಹಾಗೇ ಕೇಳುತ್ತಾರೆ. ಆದರೆ ಇಲ್ಲಿ ಲೆಕ್ಕ ತಿರುವುಮುರುವು. ಗಡ್ಡೆಯಲ್ಲಿ ಈ ಕಿಣ್ವ ಹೆಚ್ಚಿದ್ದವರು ಒಟ್ಟಾರೆ ಹೆಚ್ಚು ಕಾಲ ಚೆನ್ನಾಗಿದ್ದರು, ಕಮ್ಮಿಯಿದ್ದವರಲ್ಲಿ ಕಾಯಿಲೆ ಮರಳಿದ್ದು ಜಾಸ್ತಿ, ಎಂದು ಕೆಲವು ಅಧ್ಯಯನಗಳು ಹೇಳಿವೆ. ಕೆಲವು ಅಧ್ಯಯನಗಳಲ್ಲಿ ಅಂಥ ವ್ಯತ್ಯಾಸವೇ ಕಂಡಿಲ್ಲ. ಆದ್ದರಿಂದ ಇದೊಂದನ್ನೇ ನಂಬಿ ಯಾವ ಡಾಕ್ಟರೂ ಮದ್ದು ಕೊಡುವುದಿಲ್ಲ, ನಿಲ್ಲಿಸುವುದೂ ಇಲ್ಲ. ಈ ಮಾತನ್ನು ನಾನು ಆವತ್ತು ಫೋನಿನಲ್ಲಿ ಹೇಳಬೇಕಿತ್ತು.

ಪರೀಕ್ಷೆ ನಡೆಯುವುದು ಹೀಗೆ. ಟೆಕ್ನಿಶಿಯನ್ ಬ್ಲಾಕಿನಿಂದ ತೆಳ್ಳನೆಯ ಪದರ ಕೊಯ್ದು, ಬೆಚ್ಚನೆಯ ನೀರಿನ ಮೇಲೆ ತೇಲಿಸಿ, ಗಾಜಿನ ಸ್ಲೈಡಿನ ಮೇಲೆ ಎತ್ತಿಕೊಳ್ಳುತ್ತಾಳೆ. ಪಕ್ಕದಲ್ಲೇ ಇನ್ಯಾರದೋ ಹೊಟ್ಟೆಯ ಒಳಪದರದ ಚೂರೊಂದನ್ನೂ ಕೂರಿಸುತ್ತಾಳೆ. ಹೊಟ್ಟೆಯಲ್ಲಿ ಈ ಕಿಣ್ವ ಯಾವಾಗಲೂ ಇರುವುದರಿಂದ, ಅದು ಬಣ್ಣ ಹಿಡಿದರೆ ಪರೀಕ್ಷೆ ಸರಿಯಾಗಿ ನಡೆದಿದೆ ಎಂದರ್ಥ. ಕಿಣ್ವ ಇರುವ ಕೋಶದ ಅಂಚು ಕಂದು ಬಣ್ಣಕ್ಕೆ ತಿರುಗುತ್ತದೆ. ಇಲ್ಲದ ಕೋಶ ಮಾಸಲು ನೀಲಿಯಾಗಿ ಉಳಿಯುತ್ತದೆ. ನಮ್ಮ ಕೆಲಸ ನೂರರಲ್ಲಿ ಎಷ್ಟು ಕೋಶಕ್ಕೆ ಬಣ್ಣ ಹಿಡಿದಿದೆ ಎಂದು ಹೇಳುವುದು. ನಮ್ಮಲ್ಲಿ ಎಂಬತ್ತೈದು ಗೆರೆ. ಅದರ ಮೇಲಿದ್ದರೆ ಹೆಚ್ಚು, ಕೆಳಗಿದ್ದರೆ ಕಮ್ಮಿ.

ಯಂತ್ರವಲ್ಲ, ನನ್ನಂಥ ಲ್ಯಾಬಿನ ಡಾಕ್ಟರುಗಳ ಕಣ್ಣು ಓದುವುದು. ಕಣ್ಣನ್ನು ಪೂರ್ತಿ ನಂಬಬಾರದೆಂದು ಎರಡು ಕಟ್ಟಲೆ ಮಾಡಿಕೊಂಡಿದ್ದೇವೆ. ಸ್ಲೈಡಿನ ಮೇಲೆ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಮತ್ತು ಇಬ್ಬರು ಬೇರೆಬೇರೆಯಾಗಿ ಓದಬೇಕು, ಒಬ್ಬರು ಕೊಟ್ಟ ಅಂಕಿ ಇನ್ನೊಬ್ಬರಿಗೆ ಕಾಣಬಾರದು. ಅಂಕಿಗಳು ತೀರಾ ದೂರವಿದ್ದರೆ ಇಬ್ಬರೂ ಎರಡು ತಲೆಯ ಮೈಕ್ರೋಸ್ಕೋಪಿನ ಮುಂದೆ ಎದುರುಬದುರು ಕೂತು, ಒಂದೇ ಸ್ಲೈಡನ್ನು ಒಟ್ಟಿಗೆ ನೋಡಿ ಜಗಳ ತೀರಿಸಿಕೊಳ್ಳಬೇಕು. ನಿನ್ನ ಕಾರಿನಲ್ಲಿ ಇಬ್ಬರಿಗೂ ಬ್ರೇಕ್ ಇದೆಯಲ್ಲ ಅಕ್ಕ, ಹೆಚ್ಚುಕಮ್ಮಿ ಅದೇ ವ್ಯವಸ್ಥೆ. ಮನೆಯವರ ಸ್ಲೈಡನ್ನು ಓದಬಾರದು ಎಂದು ಎಲ್ಲೂ ಬರೆದಿಟ್ಟಿಲ್ಲ. ಬರೆದಿಡಬೇಕಾದ ಮಾತೇ ಅಲ್ಲ ಅದು.

ನಾನು ಓದಿದೆ. ಸಂಖ್ಯೆ ನನಗೆ ಗೊತ್ತಿತ್ತು, ಬ್ಲಾಕ್ ತರಿಸಿದವಳೇ ನಾನು. ಟ್ರೇನಲ್ಲಿ ಅದು ನಾಲ್ಕನೆಯದಾಗಿತ್ತು. ಬದಿಗಿಟ್ಟು ಬೇರೆಯವರಿಗೆ ಕೊಡಬಹುದಿತ್ತು, ಕೊಡಲಿಲ್ಲ. ಬೇರೆಯವರ ಕಣ್ಣಿಗಿಂತ ಮೊದಲು ನನ್ನ ಕಣ್ಣಿಗೆ ಬೀಳಲಿ ಅನ್ನಿಸಿತು. ಓದಿ ತೊಂಬತ್ತು ಎಂದು ಬರೆದೆ. ಎರಡನೆಯವರು ಓದುವ ತನಕವೂ ತಡೆಯದೆ, ತಾತ್ಕಾಲಿಕ ಎಂದು ಬರೆದು ರಿಪೋರ್ಟನ್ನು ಡಾಕ್ಟರಿಗೂ ನಿಮ್ಮ ಮನೆಗೂ ಕಳಿಸಿ, ಕೋಟು ಕೂಡ ಬಿಚ್ಚದೆ, ಮೆಟ್ಟಿಲ ಹತ್ತಿರ ನಿಂತು ನಿನಗೆ ಫೋನು ಮಾಡಿದೆ. ನೀನು ಆಗ ಯಾರಿಗೋ ಕಾರು ಹಿಂದಕ್ಕೆ ತೆಗೆಯುವುದನ್ನು ಕಲಿಸುತ್ತಿದ್ದೆ. ನಾನು ಸುದ್ದಿ ಹೇಳಿದಾಗ 'ಅಯ್ಯೋ ಗೂಬೆ' ಎಂದು ಒಂದು ಸಲ ಅಂದು, ಮೂಗು ಎಳೆದುಕೊಂಡಿದ್ದು ಕೇಳಿಸಿತು. ನನಗೆ ಆವತ್ತು ಎಷ್ಟು ಖುಷಿಯಾಯಿತೆಂದರೆ ದಾರಿಯಲ್ಲಿ ಹೊಸ ಚಪ್ಪಲಿ ಕೊಂಡುಕೊಂಡು ಮನೆಗೆ ಹೋದೆ.

ಎರಡನೆಯ ಓದುಗರು ನಮ್ಮ ಸೀನಿಯರ್. ನಿವೃತ್ತಿ ಹತ್ತಿರ ಬಂದಿದೆ, ಮಾತು ಕಮ್ಮಿ, ಕೆಮ್ಮು ಜಾಸ್ತಿ. ಹೋದ ಮಂಗಳವಾರ ನನ್ನನ್ನು ಎರಡು ತಲೆಯ ಮೈಕ್ರೋಸ್ಕೋಪಿಗೆ ಕರೆದರು. ಅವರು ಐವತ್ತೈದು ಎಂದು ಬರೆದಿದ್ದರು. ನಾನು ತೊಂಬತ್ತು, ಅವರು ಐವತ್ತೈದು. ಇಷ್ಟು ಅಂತರ ನಮ್ಮಿಬ್ಬರ ನಡುವೆ ಯಾವತ್ತೂ ಬಂದಿರಲಿಲ್ಲ.

ಅವರು ಸ್ಲೈಡನ್ನು ಮೈಕ್ರೋಸ್ಕೋಪಿಗೆ ಇಡುವ ಮುಂಚೆ ಬೆಳಕಿಗೆ ಹಿಡಿದು ನೋಡಿದರು. ಗಾಜಿನ ಮೇಲೆ ಹಸಿರು ಇಂಕಿನ ನಾಲ್ಕು ಚುಕ್ಕೆ ಇದ್ದವು. ಎಲ್ಲಿ ನೋಡಿದೆವು ಎಂದು ನೆನಪಿಗೆ ಹಾಗೆ ಚುಕ್ಕೆ ಇಡುವುದುಂಟು, ಆದರೆ ಇನ್ನೊಬ್ಬರು ಓದಬೇಕಾದ ಸ್ಲೈಡಿನ ಮೇಲೆ ಇಡಬಾರದು, ಅವರ ಕಣ್ಣು ಅಲ್ಲಿಗೇ ಹೋಗುತ್ತದೆ. 'ಈ ಚುಕ್ಕೆ ಯಾರಿಟ್ಟಿದ್ದಮ್ಮಾ?' ಎಂದು ಕೇಳಿದರು. ನಾನೇ ಸಾರ್ ಎಂದೆ. 'ನಾಲ್ಕೂ ಒಂದೇ ಕಡೆ ಇದಾವಲ್ಲ?' ಎಂದರು. ಆಮೇಲೆ ಹತ್ತಿಗೆ ಸ್ಪಿರಿಟ್ ಹಾಕಿ ಚುಕ್ಕೆಗಳನ್ನು ಒರೆಸಿ, ಸ್ಲೈಡನ್ನು ನನ್ನ ಕೈಗೆ ಕೊಟ್ಟು, 'ಈಗ ಓದು' ಎಂದರು.

ಓದಿದೆ. ಗಡ್ಡೆಯ ಒಂದು ಬದಿಗೆ ಬಣ್ಣ ಚೆನ್ನಾಗಿಯೇ ಇದೆ. ಅಲ್ಲಿ ಮಾತ್ರ ಎಣಿಸಿದರೆ ಯಾರಿಗಾದರೂ ತೊಂಬತ್ತೇ ಸಿಗುತ್ತದೆ. ಇನ್ನೊಂದು ಬದಿಗೆ, ಸುಮಾರು ಅರ್ಧ ಭಾಗದಷ್ಟು, ಬಣ್ಣವೇ ಹಿಡಿದಿಲ್ಲ. ಅಲ್ಲೊಂದು ಇಲ್ಲೊಂದು ಕೋಶ ಬಿಟ್ಟರೆ ಎಲ್ಲ ಮಾಸಲು ನೀಲಿ. ಪಕ್ಕದ ಹೊಟ್ಟೆಯ ಚೂರು ಮಾತ್ರ ಗಾಢ ಕಂದಾಗಿತ್ತು, ಅಂದರೆ ಪರೀಕ್ಷೆಯಲ್ಲಿ ದೋಷವಿಲ್ಲ.

ನನ್ನ ತಪ್ಪು ಹೇಗಾಯಿತು ಎಂದು ಭಾವ ಕೇಳಿಯೇ ಕೇಳುತ್ತಾರೆ. ನಾವು ಓದುವ ಇನ್ನೊಂದು ಬಣ್ಣವಿದೆ, ಕೋಶಗಳು ಎಷ್ಟು ಬೇಗ ಒಡೆದು ಹೆಚ್ಚುತ್ತಿವೆ ಎಂದು ತೋರಿಸುವುದು. ಅದನ್ನು ಓದುವಾಗ ಎಲ್ಲಿ ಬಣ್ಣ ದಟ್ಟವಾಗಿದೆಯೋ ಅಲ್ಲಿಗೇ ಹೋಗಿ ಎಣಿಸುವುದು ಪದ್ಧತಿ, ಯಾಕೆಂದರೆ ಅಲ್ಲಿ ಬಣ್ಣ ಎಂದರೆ ಕೇಡು. ಕಿಣ್ವದ ಬಣ್ಣಕ್ಕೆ ಆ ಪದ್ಧತಿ ನಡೆಯುವುದಿಲ್ಲ. ಇಡೀ ಚೂರನ್ನು ಮೂಲೆಮೂಲೆಗೂ ನೋಡಬೇಕು, ಬಣ್ಣ ಹಿಡಿಯದ ಜಾಗವನ್ನು ಹುಡುಕಿಕೊಂಡು ಹೋಗಬೇಕು. ಆ ವಾರವೆಲ್ಲ ನಾನು ಆ ಇನ್ನೊಂದು ಬಣ್ಣದ ಸ್ಲೈಡುಗಳನ್ನೇ ಓದುತ್ತಿದ್ದೆ. ಕೈಯ ರೂಢಿಯಲ್ಲಿ ದಟ್ಟ ಬಣ್ಣದ ಕಡೆಗೆ ಹೋಗಿಬಿಟ್ಟೆ. ಸೀನಿಯರಿಗೂ ಹೀಗೇ ಹೇಳಿದೆ. ಅವರು ಸ್ವಲ್ಪ ಹೊತ್ತು ಕೆಮ್ಮಿ, 'ಇದು ಯಾರ ಸ್ಲೈಡು?' ಎಂದು ಕೇಳಿದರು. ನಮ್ಮ ಅಕ್ಕಂದು ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. 'ಹಾಗಾದ್ರೆ ನಂದೂ ಬೇಡ, ನಿಂದೂ ಬೇಡ' ಎಂದು ಸ್ಲೈಡನ್ನು ಬೇರೆ ಊರಿನ ಲ್ಯಾಬಿಗೆ ಕಳಿಸಿದರು, ಯಾವ ಅಂಕಿಯನ್ನೂ ತಿಳಿಸದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ಗಾದೆಯನ್ನು ಅವರು ಹೇಳಲಿಲ್ಲ, ನಾನೇ ಮನಸ್ಸಿನಲ್ಲಿ ಹೇಳಿಕೊಂಡೆ.

ಆ ಲ್ಯಾಬಿನ ಉತ್ತರ ಇವತ್ತು ಬೆಳಿಗ್ಗೆ ಬಂತು. ಅವರ ಅಂಕಿ ಅರವತ್ತು. ಗೆರೆಯ ಕೆಳಗೆ.

ಮೊದಲನೆಯ ರಿಪೋರ್ಟನ್ನು ರದ್ದು ಮಾಡಿ ಹೊಸದನ್ನು ನೇರವಾಗಿ ನಿಮ್ಮ ಡಾಕ್ಟರಿಗೆ ಕಳಿಸಿದ್ದಾರೆ. ನಾನು ಮಾಡಿದ್ದನ್ನು ನಾನೇ ಲ್ಯಾಬಿನ ಮುಖ್ಯಸ್ಥರಿಗೆ ತಿಳಿಸಿದ್ದೇನೆ. ನಾನು ಇತ್ತೀಚೆಗೆ ಓದಿದ ಬೇರೆಯವರ ಸ್ಲೈಡುಗಳನ್ನೂ ಮತ್ತೆ ಓದಿಸುತ್ತಿದ್ದಾರೆ. ಇಲ್ಲಿಯ ತನಕ ಓದಿದ್ದರಲ್ಲಿ ಯಾವುದರಲ್ಲೂ ವ್ಯತ್ಯಾಸ ಬಂದಿಲ್ಲ. ಸ್ವಲ್ಪ ಕಾಲ ಈ ಕೆಲಸದಿಂದ ನನ್ನನ್ನು ದೂರ ಇಟ್ಟು, ಹಳೆಯ ಬ್ಲಾಕುಗಳನ್ನು ಡ್ರಾಯರುಗಳಲ್ಲಿ ಜೋಡಿಸುವ ಕೋಣೆಗೆ ಹಾಕಿದ್ದಾರೆ. ಅಲ್ಲಿ ಕಿಟಕಿಯಿಲ್ಲ, ಕುರ್ಚಿ ಮಾತ್ರ ಇಲ್ಲಿಗಿಂತ ಚೆನ್ನಾಗಿದೆ. ಭಾವ, ಮೊದಲನೆಯ ರಿಪೋರ್ಟಿನಲ್ಲಿ ವಾಕ್ಯರಚನೆ ಸರಿಯಿಲ್ಲ ಎಂದು ನೀವು ಕೆಂಪು ಇಂಕಿನಲ್ಲಿ ತಿದ್ದಿ ವಾಪಸು ಕಳಿಸಿದ್ದಿರಲ್ಲ, ಅದನ್ನು ನಮ್ಮ ಟೆಕ್ನಿಶಿಯನ್ ಗೋಡೆಗೆ ಅಂಟಿಸಿದ್ದಳು. ಈಗ ಕಿತ್ತುಬಿಟ್ಟಿದ್ದಾಳೆ. ತಿದ್ದಬೇಕಾಗಿದ್ದ ತಪ್ಪು ಅಂಕಿಯಲ್ಲಿತ್ತು, ಅದು ನಿಮಗೆ ಸಿಗುವಂಥದ್ದಲ್ಲ.

ಈಗ ಇದರ ಅರ್ಥವೇನು ಎನ್ನುವುದಕ್ಕೆ ಬರುತ್ತೇನೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಾಳೆ ಎಂದು ಅಕ್ಕ ರೇಗಬಾರದು, ಇಲ್ಲಿ ಗೊತ್ತಿರುವುದೇ ಅಷ್ಟು. ಗಡ್ಡೆ ಮರಳಿ ಬಂದಿದೆ ಎಂದು ಇದರ ಅರ್ಥವಲ್ಲ. ಬಂದೇ ಬರುತ್ತದೆ ಎಂದೂ ಅಲ್ಲ. ನಿನ್ನ ಹಾಗೆ ಕಿಣ್ವ ಕಮ್ಮಿಯಿದ್ದ ಎಷ್ಟೋ ಜನ ಏನೂ ಆಗದೆ ಅಜ್ಜಿಯರಾಗಿದ್ದಾರೆ, ಹೆಚ್ಚಿದ್ದ ಕೆಲವರಿಗೆ ಮರಳಿ ಬಂದಿದೆ. ಗುಂಪಿಗೆ ಅನ್ವಯಿಸುವ ಮಾತು ಇದು, ನಿನ್ನೊಬ್ಬಳ ಹಣೆಬರಹ ಇದರಲ್ಲಿಲ್ಲ. ಡಾಕ್ಟರು ಮೊದಲು ಹೇಳಿದ ಅಪಾಯ ಎಷ್ಟಿತ್ತೋ ಅಷ್ಟೇ ಇದೆ. ಬದಲಾಗಿರುವುದು ಒಂದೇ: ಆ ಅಪಾಯವನ್ನು ಚಿಕ್ಕದು ಮಾಡಿ ತೋರಿಸಿದ್ದು ನನ್ನ ಮಾತು, ಆ ಮಾತು ಈಗ ಇಲ್ಲ.

ಮದ್ದು ತೆಗೆದುಕೋ ಎಂದು ನಾನು ಹೇಳುತ್ತಿಲ್ಲ ಅಕ್ಕ. ನೀನು ಬೇಡ ಎನ್ನುವುದಕ್ಕೆ ನಿನ್ನದೇ ಕಾರಣಗಳಿವೆ, ಅವು ಸಣ್ಣವಲ್ಲ. ಸುಸ್ತಾಗಬಹುದು, ಕೀಲು ನೋಯಬಹುದು, ಥೈರಾಯ್ಡ್ ಕೆಡಬಹುದು, ಒಮ್ಮೊಮ್ಮೆ ಶ್ವಾಸಕೋಶಕ್ಕೂ ತೊಂದರೆ ಬರಬಹುದು. 'ಮೈ ಸರಿಯಿಲ್ಲದೆ ಹೊಸಬರ ಪಕ್ಕ ಕೂತರೆ ನನ್ನ ಕಾಲು ಬ್ರೇಕಿಗೆ ಹೋಗೋದು ತಡ ಆಗುತ್ತೆ, ಅದಕ್ಕಿಂತ ಸ್ಕೂಲು ಮುಚ್ಚೋದೇ ವಾಸಿ' ಎಂದು ನೀನು ಹೇಳಿದ್ದೆ. ಎರಡನೆಯ ಕಾರು ತಂದು ಇನ್ನೂ ವರ್ಷ ತುಂಬಿಲ್ಲ ಎನ್ನುವುದೂ ನನಗೆ ಗೊತ್ತು. ಈ ಕಾರಣಗಳಿಗಾಗಿ ಬೇಡ ಎಂದರೆ ನಾನು ನಿನ್ನ ಕಡೆ, ಭಾವನ ಜೊತೆ ನಾನೇ ಜಗಳವಾಡುತ್ತೇನೆ. ಆದರೆ ಡಾಕ್ಟರ ಮುಂದೆ ನೀನು ಈ ಯಾವ ಕಾರಣವನ್ನೂ ಹೇಳಲಿಲ್ಲವಂತೆ. 'ನನ್ನ ತಂಗಿನೇ ನೋಡಿದಾಳೆ, ಏನೂ ಆಗಲ್ಲ ಅಂದಿದಾಳೆ' ಎಂದಷ್ಟೇ ಹೇಳಿ ಎದ್ದು ಬಂದೆಯಂತೆ. ಭಾವ ಅದನ್ನು ಅಕ್ಷರ ಬಿಡದೆ ಬರೆದಿದ್ದಾರೆ. ಆ ಸಾಲು ಓದಿ ನನಗೆ ಊಟ ಸೇರಲಿಲ್ಲ. ಆ ಕಾರಣವನ್ನು ತೆಗೆದುಹಾಕಿ, ಮತ್ತೊಮ್ಮೆ ಯೋಚಿಸು. ಅಷ್ಟೇ ನಾನು ಕೇಳುತ್ತಿರುವುದು.

ಭಾವ, ನಿಮಗೂ ಒಂದು ಮಾತು. ಇದನ್ನು ಓದಿ ಈ ಕ್ಷಣವೇ 'ನಾನು ಹೇಳಲಿಲ್ವಾ' ಎನ್ನಬೇಡಿ. ನೀವು ಹೇಳಿದ್ದಿರಿ, ಸರಿಯಾಗಿಯೇ ಹೇಳಿದ್ದಿರಿ. ಆದರೆ ನೀವು ಅದನ್ನು ಹೇಳುವಾಗ ಅಳುತ್ತೀರಿ, ಅಳುವವರ ಮಾತು ಕೇಳಿದರೆ ಅಕ್ಕನಿಗೆ ಹಟ ಬರುತ್ತದೆ. ಅವಳು ಅಳದಿರುವುದು ಧೈರ್ಯದಿಂದ ಎಂದು ನಾನು ತುಂಬ ದಿನ ನಂಬಿದ್ದೆ. ಈಗ ಹಾಗನ್ನಿಸುವುದಿಲ್ಲ. ಇಬ್ಬರೂ ಒಂದು ಸಲ ಒಟ್ಟಿಗೆ ಅತ್ತುಬಿಡಿ, ಕಾಫಿ ಆರುವ ಮುಂಚೆ ಮುಗಿಸಿ.

ಶುಕ್ರವಾರ ಬೆಳಿಗ್ಗೆ ಡಾಕ್ಟರು ಸಿಗುತ್ತಾರೆ. ನಾನು ಆಸ್ಪತ್ರೆಗೆ ಫೋನು ಮಾಡಿ ವಿಚಾರಿಸಿದೆ, ಹೊತ್ತು ಗೊತ್ತು ಮಾಡಿಲ್ಲ. ಅದನ್ನು ನೀವೇ ಮಾಡಬೇಕು. ನನ್ನ ಕೈ ಇದರಲ್ಲಿ ಆಗಲೇ ಬೇಕಾದ್ದಕ್ಕಿಂತ ಜಾಸ್ತಿ ಆಡಿದೆ. ಹೋಗುವಾಗ ಕೇಳಬೇಕಾದ್ದನ್ನು ನೆನಪಿಟ್ಟುಕೊಳ್ಳಿ: ಮದ್ದಿನಿಂದ ಮರಳುವ ಅಪಾಯ ಎಷ್ಟು ಇಳಿಯುತ್ತದೆ, ತಡೆಯಲಾಗದ ತೊಂದರೆ ಬಂದರೆ ನಡುವೆ ನಿಲ್ಲಿಸಬಹುದೇ, ಯಾವ ದಿನಗಳಲ್ಲಿ ಅಕ್ಕ ಕಾರಿನಲ್ಲಿ ಕೂರಬಾರದು. ಕಿಣ್ವದ ವಿಚಾರ ಕೊನೆಗೆ ಕೇಳಿದರೆ ಸಾಕು.

ಅಕ್ಕ, ನಿನ್ನ ಕೋಪ ನನಗೆ ಗೊತ್ತು. ಮೊದಲು ಪತ್ರವನ್ನು ಮೇಜಿನ ಮೇಲೆ ಬಡಿಯುತ್ತೀಯ, ಆಮೇಲೆ ಪಾತ್ರೆ ತೊಳೆಯಲು ಶುರು ಮಾಡುತ್ತೀಯ. ತೊಳಿ. ನನ್ನ ಜೊತೆ ಎಷ್ಟು ದಿನ ಬೇಕಾದರೂ ಮಾತು ಬಿಡು, ಡಾಕ್ಟರ ಹತ್ತಿರ ಮಾತ್ರ ಮಾತು ಬಿಡಬೇಡ. ಅಪ್ಪ ಅಮ್ಮ ಹೋದ ಮೇಲೆ ನನಗೆ ಮನೆ ಅಂತ ಇರುವುದು ನಿನ್ನ ಮನೆಯೇ. ನನಗೆ ಭಯವಾಗಿದೆ. ಇದನ್ನು ಆವತ್ತೇ ನಿನಗೆ ಹೇಳಿದ್ದರೆ, ನೀನು ನನ್ನನ್ನು ಸಮಾಧಾನ ಮಾಡುತ್ತಿದ್ದೆ, ಆ ಸುಳ್ಳು ಸುದ್ದಿ ಹುಟ್ಟುತ್ತಲೇ ಇರಲಿಲ್ಲ.

ಊಟದ ಹೊತ್ತು ಮುಗಿಯಿತು. ಡಬ್ಬಿ ತೆರೆದೇ ಇಲ್ಲ, ಬ್ರೆಡ್ಡು ಒಣಗಿರುತ್ತದೆ. ಕೊರಿಯರಿನವನು ಕೆಳಗೆ ಬಂದಿದ್ದಾನಂತೆ.

ಇಬ್ಬರಿಗೂ ಸಲ್ಲುವ,
ನಿಮ್ಮ ಗೂಬೆ

ತಾ.ಕ.: ಕೊರಿಯರಿನವನನ್ನು ಕೂರಿಸಿ ಇದನ್ನು ಬರೆಯುತ್ತಿದ್ದೇನೆ. ಮೇಲೆ 'ಕೈಯ ರೂಢಿ' ಎಂದು ಬರೆದದ್ದು ಸುಳ್ಳು. ಸೀನಿಯರಿಗೂ ಅದೇ ಸುಳ್ಳು ಹೇಳಿದ್ದೆ, ಅವರು ನಂಬಲಿಲ್ಲ. ಈ ಬಣ್ಣವನ್ನು ನಾನು ಹತ್ತು ವರ್ಷದಿಂದ ಓದುತ್ತಿದ್ದೇನೆ, ಯಾವ ರೂಢಿಯೂ ನನ್ನನ್ನು ದಾರಿ ತಪ್ಪಿಸುವಂತಿರಲಿಲ್ಲ. ಆವತ್ತು ಸ್ಲೈಡ್ ಇಟ್ಟು ಕಣ್ಣು ಹಾಕಿದಾಗ ನನಗೆ ಮೊದಲು ಕಂಡದ್ದೇ ಬಣ್ಣ ಹಿಡಿಯದ ಭಾಗ. ಏನೆಂದು ತಿಳಿಯುವಷ್ಟು ಹೊತ್ತು ನೋಡಿದೆ. ಆಮೇಲೆ ಸ್ಲೈಡನ್ನು ಸರಿಸಿದೆ, ಕಂದು ಕಾಣುವ ತನಕ ಸರಿಸಿದೆ, ಅಲ್ಲಿ ಚುಕ್ಕೆ ಇಟ್ಟೆ. ನಾಳೆ ರಾತ್ರಿಯ ರೈಲಿಗೆ ಹೊರಡುತ್ತಿದ್ದೇನೆ, ರಜೆ ಹಾಕಿದ್ದೇನೆ. ಶುಕ್ರವಾರ ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗು ಅಕ್ಕ, ಮೂಲೆಯ ಕುರ್ಚಿಯಲ್ಲಿ ಸುಮ್ಮನೆ ಕೂತಿರುತ್ತೇನೆ. ಇವಳು ಯಾರು ಎಂದು ಅವರು ಕೇಳಿದರೆ ತಂಗಿ ಎಂದು ಹೇಳು. ಡಾಕ್ಟರು ಎಂದು ಹೇಳಬೇಡ.